ಹೊರಟಲ್ಲಿಗೇ ಬಂದು ಸೇರುವ ದಾರಿ

ನಿಮ್ಮ ಮನೆಯ ಹೆಂಗಸರು ಯಾವ ಕೆಲಸವೂ ಇಲ್ಲದೆ, ಬರೀ ನಡೆಯಲೆಂದೇ ಹೊಸ್ತಿಲು ದಾಟಿದ್ದು ಯಾವಾಗ? ಸಂತೆಗಲ್ಲ, ದವಾಖಾನೆಗಲ್ಲ, ಮದುವೆಗಲ್ಲ, ಸಾವಿನ ಮನೆಗಲ್ಲ. ಸುಮ್ಮನೆ ಗಾಳಿ ಕುಡಿಯುತ್ತ ಒಂದು ಮೈಲು ನಡೆದು ಬರಲು. ಸ್ವಲ್ಪ ಯೋಚಿಸಿ ನೋಡಿ. ನನಗೆ ಈ ಪ್ರಶ್ನೆ ಬಂದಾಗ ಉತ್ತರ ಸಿಗಲಿಲ್ಲ. ಮದುವೆಯಾಗಿ ಹತ್ತೊಂಬತ್ತು ವರ್ಷಗಳಾಗಿದ್ದವು.

ಪ್ರಶ್ನೆ ಕೇಳಿದವರು ವಿಜಯಪುರದ ಒಬ್ಬ ವೈದ್ಯರು. ನನ್ನ ಮನೆಯವರಿಗೆ ಆಗ ಮೂವತ್ತೆಂಟು ವರ್ಷ. ಕಾಲು ಜೋಮು ಹಿಡಿಯುತ್ತದೆ, ಬಾಯಾರಿಕೆ ಜಾಸ್ತಿ ಎಂದು ತೋರಿಸಲು ಹೋದರೆ ಸಕ್ಕರೆ ಕಾಯಿಲೆ ಎಂದು ಗೊತ್ತಾಯಿತು. ಮೂರು ತಿಂಗಳ ಸರಾಸರಿ ತೋರಿಸುವ ರಕ್ತಪರೀಕ್ಷೆಯಲ್ಲಿ 8.9 ಬಂದಿತ್ತು. ಮಾತ್ರೆ ಬರೆದುಕೊಟ್ಟು ವೈದ್ಯರು, "ದಿನಾ ಅರ್ಧ ತಾಸು ನಡೀಬೇಕು. ಮನೆಗೆಲಸ ಲೆಕ್ಕಕ್ಕಿಲ್ಲ. ಈಗ ಎಲ್ಲಿ ನಡೀತೀರಿ?" ಎಂದು ಕೇಳಿದರು. ಆಕೆ ನನ್ನ ಮುಖ ನೋಡಿದಳು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡಿದೆ.

ಎಲ್ಲಿ ನಡೆಯುವುದು? ನಮ್ಮೂರು ಹೊರ್ತಿ. ಸೊಲ್ಲಾಪುರದಿಂದ ವಿಜಯಪುರಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಊರು. ಹೆದ್ದಾರಿಯಲ್ಲಿ ಲಾರಿಗಳ ಭರಾಟೆ. ಓಣಿಯಲ್ಲಿ ನಡೆದರೆ ಕಟ್ಟೆಯ ಮೇಲೆ ಕುಳಿತವರ ಕಣ್ಣು. ಹೊಲದ ದಾರಿಯಲ್ಲಿ ನಡೆದರೆ, "ಯಾಕ್ರೀ ಭಾಬಿ, ಎತ್ತ ಹೊಂಟೀರಿ?" ಎಂದು ಹತ್ತು ಮಂದಿ ಕೇಳುತ್ತಾರೆ. ಹೀಗೆ ಮೂರು ದಿನ ನಡೆದಳು, ನಾಲ್ಕನೆಯ ದಿನ ಬಿಟ್ಟಳು. ನಾನು ಶಾಲೆಯಲ್ಲಿ ಮಕ್ಕಳಿಗೆ ಆರೋಗ್ಯದ ಪಾಠ ಮಾಡಿ ಬಂದು ಮನೆಯಲ್ಲಿ ಚಹಾ ಕುಡಿಯುತ್ತಿದ್ದೆ. ಒಂದು ದಿನವೂ ಆಕೆಯ ಜೊತೆ ನಡೆಯಲಿಲ್ಲ. ತಪ್ಪು ನನ್ನದೇ.

ಇದು ನಮ್ಮೊಂದು ಮನೆಯ ಕತೆಯಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 2023ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ದೊಡ್ಡವರು ವಾರಕ್ಕೆ ಕನಿಷ್ಠ 150 ನಿಮಿಷವಾದರೂ ಮೈ ಬೆಚ್ಚಗಾಗುವಂತೆ ನಡೆಯಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. 150 ನಿಮಿಷವೆಂದರೆ ವಾರದಲ್ಲಿ ಐದು ದಿನ, ದಿನಕ್ಕೆ ಅರ್ಧ ತಾಸು. ಕೇಳಲು ಎಷ್ಟು ಸುಲಭ! ಆದರೆ ನಮ್ಮ ಮನೆಗಳ ಹೆಂಗಸರಿಗೆ ಆ ಅರ್ಧ ತಾಸನ್ನೂ ಅದಕ್ಕೊಂದು ದಾರಿಯನ್ನೂ ಯಾರು ಕೊಟ್ಟಿದ್ದಾರೆ?

ಮಗಳ ಹಟ

ಆ ವರ್ಷದ ದಸರಾ ರಜೆಗೆ ಎಲ್ಲಿಗೆ ಹೋಗುವುದು ಎಂಬ ಮಾತು ಬಂತು. ಪಿಯುಸಿ ಓದುತ್ತಿದ್ದ ಮಗಳು, "ಅಬ್ಬಾ, ಈ ಸಲ ಕಾಡಿಗೆ ಹೋಗೋಣ. ಅಮ್ಮಿ ಅಲ್ಲಾದ್ರೂ ನಡೀತಾಳೆ. ಅಲ್ಲಿ ಯಾರೂ ಕೇಳೋರಿಲ್ಲ" ಎಂದಳು. ಆ ಮಾತು ನನಗೆ ತಾಗಿತು.

ನಮ್ಮ ಜಿಲ್ಲೆಯ ಮಕ್ಕಳಿಗೆ ಕಾಡೆಂದರೆ ಪಠ್ಯಪುಸ್ತಕದ ಚಿತ್ರ. ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬಯಲು ನಾಡು ನಮ್ಮದು. ಬೇವು, ಜಾಲಿ ಬಿಟ್ಟರೆ ನೆರಳಿಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಕಾಡಿರುವ ಜಿಲ್ಲೆಗಳಲ್ಲಿ ವಿಜಯಪುರ ಒಂದು. 2016ರಲ್ಲಿ ಶುರುವಾದ ಕೋಟಿ ವೃಕ್ಷ ಅಭಿಯಾನದಲ್ಲಿ ಲಕ್ಷಾಂತರ ಸಸಿಗಳನ್ನು ನೆಟ್ಟಿದ್ದಾರೆ. ವಿಜಯಪುರದ ಭೂತನಾಳ ಕೆರೆಯ ಸುತ್ತ ಈಗ ಹಸಿರು ಕಾಣುತ್ತದೆ. ಆದರೆ ನೆಟ್ಟ ತೋಪು ಬೇರೆ, ತಾನಾಗಿ ಬೆಳೆದ ಕಾಡು ಬೇರೆ.

ಕರ್ನಾಟಕದಲ್ಲಿ ಐದು ರಾಷ್ಟ್ರೀಯ ಉದ್ಯಾನಗಳಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ ಮತ್ತು ಅಣಶಿ. ಇವುಗಳಲ್ಲಿ ನಮಗೆ ಹತ್ತಿರದ್ದು ಉತ್ತರ ಕನ್ನಡ ಜಿಲ್ಲೆಯ ಅಣಶಿ. ಅದರ ಪಕ್ಕದಲ್ಲೇ ದಾಂಡೇಲಿ ಅಭಯಾರಣ್ಯ. ದಾಂಡೇಲಿಯನ್ನು 1956ರಲ್ಲಿ ಅಭಯಾರಣ್ಯವೆಂದೂ ಅಣಶಿಯನ್ನು 1987ರಲ್ಲಿ ರಾಷ್ಟ್ರೀಯ ಉದ್ಯಾನವೆಂದೂ ಘೋಷಿಸಿದರು. 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ ಮಾಡಿದರು. 2015ರಲ್ಲಿ ಅದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಎಂದು ಹೆಸರಿಟ್ಟರು. ಕಾಳಿ ಎಂಬುದು ಆ ಕಾಡಿನ ನಡುವೆ ಹರಿಯುವ ನದಿ. ಜೋಯಿಡಾ ತಾಲ್ಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರ್ ಹರಿದು, ಕಾರವಾರದ ಹತ್ತಿರ ಅರಬ್ಬಿ ಸಮುದ್ರ ಸೇರುತ್ತದೆ.

ಒಂದು ಸ್ವಾರಸ್ಯ ನೋಡಿ. ನಮ್ಮ ಹೊರ್ತಿಯ ಮುಂದೆ ಹಾದು ಹೋಗುವ 52ನೇ ರಾಷ್ಟ್ರೀಯ ಹೆದ್ದಾರಿಯೇ ವಿಜಯಪುರ, ಕೊಲ್ಹಾರ, ನರಗುಂದ, ನವಲಗುಂದ, ಹುಬ್ಬಳ್ಳಿ ದಾಟಿ, ಯಲ್ಲಾಪುರದ ಕಾಡು ಸೀಳಿಕೊಂಡು ಅಂಕೋಲಾದ ಕಡಲಿಗೆ ಹೋಗಿ ಮುಟ್ಟುತ್ತದೆ. ಯಾವ ರಸ್ತೆಯಲ್ಲಿ ನಡೆಯಲು ಆಕೆ ಹೆದರುತ್ತಿದ್ದಳೋ ಅದೇ ರಸ್ತೆ ನಮ್ಮನ್ನು ಕಾಡಿನ ಕಡೆಗೆ ಕರೆದೊಯ್ದಿತು.

ಬೂಟಿನ ಪಂಚಾಯಿತಿ

ಹೊರಡುವ ಮುಂಚೆ ವಿಜಯಪುರದಲ್ಲಿ ಒಂದು ಜೊತೆ ಕ್ಯಾನ್ವಾಸ್ ಬೂಟು ಕೊಂಡೆವು. ಸಕ್ಕರೆ ಕಾಯಿಲೆ ಇದ್ದವರ ಪಾದದಲ್ಲಿ ಸ್ಪರ್ಶ ಕಡಿಮೆಯಾಗಿರಬಹುದು. ಮುಳ್ಳು ಚುಚ್ಚಿದರೂ ಗೊತ್ತಾಗುವುದಿಲ್ಲ, ಗಾಯ ಬೇಗ ಮಾಯುವುದಿಲ್ಲ. ಆದ್ದರಿಂದ ಚಪ್ಪಲಿ ಬೇಡ, ಮುಚ್ಚಿದ ಬೂಟು ಬೇಕು ಎಂದು ವೈದ್ಯರು ಹೇಳಿದ್ದರು. ಆಕೆ ಅಂಗಡಿಯಲ್ಲಿ ಬೂಟು ಹಾಕಿಕೊಳ್ಳಲು ಒಪ್ಪಲಿಲ್ಲ. "ಬುರ್ಖಾದ ಕೆಳಗ ಬೂಟು! ನೋಡಿದವ್ರು ನಗೂದಿಲ್ಲೇನ್ರಿ?" ಎಂದಳು. ಮಗಳು ತನ್ನ ಬೂಟು ತೋರಿಸಿ, "ಅಮ್ಮಿ, ನಗೋರಿಗೆ ನಾವು ನಗೋಣ" ಎಂದಳು. ಕೊನೆಗೆ ಕಪ್ಪು ಬಣ್ಣದ್ದೇ ಬೇಕೆಂಬ ಕರಾರಿನ ಮೇಲೆ ಒಪ್ಪಿದಳು.

ಸರ್ಕಾರಿ ಬಸ್ಸಿನಲ್ಲಿ ಹೊರಟೆವು. ರಾಜ್ಯದಲ್ಲಿ 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಸಾಮಾನ್ಯ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ನನ್ನದೊಂದು ಪೂರ್ತಿ, ಮಗನದೊಂದು ಅರ್ಧ, ಅಷ್ಟೇ ಖರ್ಚು. ಚೀಲದಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಒಂದು ಡಬ್ಬಿ ಖಜೂರ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ದಾಂಡೇಲಿ ಮುಟ್ಟುವ ಹೊತ್ತಿಗೆ ಸಂಜೆಯಾಗಿತ್ತು.

ದಾಂಡೇಲಿಯಿಂದ ಅಂಬಿಕಾನಗರದ ದಾರಿಯಲ್ಲಿ ಕುಳಗಿ ಎಂಬ ಊರಿದೆ. ಅಲ್ಲಿ ಅರಣ್ಯ ಇಲಾಖೆಯ ಪ್ರಕೃತಿ ಶಿಬಿರವಿದೆ. ಮರಗಳ ನಡುವೆ ತಂಗಲು ವ್ಯವಸ್ಥೆ, ಕಾಡಿನ ವಿಷಯ ತಿಳಿಸಿಕೊಡುವ ಒಂದು ಮಾಹಿತಿ ಕೇಂದ್ರ. ರಾತ್ರಿ ಅಲ್ಲಿ ಮಲಗಿದಾಗ ಮಗ ಕೇಳಿದ: "ಅಬ್ಬಾ, ಇಷ್ಟು ಕತ್ತಲೆ ನಮ್ಮೂರಲ್ಲಿ ಯಾಕಿಲ್ಲ?" ಉತ್ತರ ಕೊಡುವ ಮುಂಚೆಯೇ ನಿದ್ದೆ ಹೋದ.

ಕಾಡಿಗೂ ಒಂದು ಕಾನೂನು

ಇಲ್ಲಿ ಓದುಗರಿಗೆ ಒಂದು ಮಾತು ಹೇಳಬೇಕು. ಹೊರದೇಶಗಳ ಎಷ್ಟೋ ರಾಷ್ಟ್ರೀಯ ಉದ್ಯಾನಗಳಲ್ಲಿ ದಾರಿಗೆ ಫಲಕ ಹಾಕಿರುತ್ತಾರೆ. ಯಾರು ಬೇಕಾದರೂ ಒಂದು ಸುತ್ತು ನಡೆದು ಬರಬಹುದು. ನಮ್ಮ ಕಾಡು ಹಾಗಲ್ಲ. ಇಲ್ಲಿ ಹುಲಿ, ಚಿರತೆ, ಕರಡಿ, ಕಾಡುಕೋಣ, ಆನೆ ಇವೆ. ದಾಂಡೇಲಿಯ ಕಾಡು ಕರಿ ಚಿರತೆಗೂ ಹೆಸರುವಾಸಿ. ಕರಿ ಚಿರತೆ ಬೇರೆ ಜಾತಿಯ ಪ್ರಾಣಿಯೇನಲ್ಲ. ಮೈಬಣ್ಣ ಕಪ್ಪಾಗಿ ಹುಟ್ಟಿದ ಚಿರತೆಯೇ. ಬಿಸಿಲಿಗೆ ನಿಂತರೆ ಆ ಕಪ್ಪಿನೊಳಗೂ ಚುಕ್ಕೆಗಳು ಕಾಣುತ್ತವೆ. ಹೀಗಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಭಯಾರಣ್ಯದಲ್ಲಾಗಲಿ ರಾಷ್ಟ್ರೀಯ ಉದ್ಯಾನದಲ್ಲಾಗಲಿ ಅನುಮತಿ ಇಲ್ಲದೆ ಕಾಲಿಡುವಂತಿಲ್ಲ. ನಡೆಯುವುದಾದರೆ ಇಲಾಖೆ ಒಪ್ಪಿದ ದಾರಿಯಲ್ಲಿ, ಮಾರ್ಗದರ್ಶಿಯ ಜೊತೆಯಲ್ಲಿ, ಹಗಲಿನಲ್ಲಿ ಮಾತ್ರ.

ನಮಗೆ ಸಿಕ್ಕ ಮಾರ್ಗದರ್ಶಿ ಐವತ್ತು ದಾಟಿದವರು. ಗುಂಗುರು ಕೂದಲು, ಕಪ್ಪು ಮೈಬಣ್ಣ. ಮಗ ಬೆರಗಿನಿಂದ ನೋಡುತ್ತಿದ್ದ. ಅವರು ನಮ್ಮ ಹತ್ತಿರ ಬಂದು "ಅಸ್ಸಲಾಮು ಅಲೈಕುಂ ಮಾಸ್ತರ್" ಎಂದಾಗ ಮಗನ ಬೆರಗು ಇನ್ನೂ ಹೆಚ್ಚಾಯಿತು. ಅವರು ಸಿದ್ದಿ ಜನಾಂಗದವರು. ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಅವರಲ್ಲಿ ಮುಸ್ಲಿಮರೂ ಹಿಂದೂಗಳೂ ಕ್ರೈಸ್ತರೂ ಇದ್ದಾರೆ. ನೂರಾರು ವರ್ಷಗಳ ಹಿಂದೆ ಆಫ್ರಿಕದ ಪೂರ್ವ ಕರಾವಳಿಯಿಂದ ಗುಲಾಮರನ್ನಾಗಿ ತಂದ ಜನರ ಸಂತತಿ ಇದು. ಗೋವೆಯ ಪೋರ್ಚುಗೀಸರ ಕೈಯಿಂದ ತಪ್ಪಿಸಿಕೊಂಡ ಎಷ್ಟೋ ಜನರಿಗೆ ಆಸರೆ ಕೊಟ್ಟದ್ದು ಈ ಕಾಡೇ. 2003ರಲ್ಲಿ ಸರ್ಕಾರ ಇವರನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿತು.

ನಮ್ಮ ವಿಜಯಪುರಕ್ಕೂ ಆಫ್ರಿಕದ ಮೂಲದವರಿಗೂ ಹಳೆಯ ನಂಟಿದೆ. ಗೋಳಗುಮ್ಮಟದಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ದರ್ಬಾರಿನಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಇಖ್ಲಾಸ್ ಖಾನ್ ಹಬಶಿಯೇ, ಅಂದರೆ ಆಫ್ರಿಕದ ಮೂಲದವನೇ. ಇದನ್ನು ಹೇಳಿದಾಗ ಮಾರ್ಗದರ್ಶಿ ನಕ್ಕು, "ಹಂಗಾದ್ರ ನೀವು ನಮ್ಮ ಊರಿಂದ ಬಂದೀರಿ ಅನ್ರಿ" ಎಂದರು.

ನಡಿಗೆ ಶುರು

ಫಜರ್ ನಮಾಝ್ ಮುಗಿಸಿ, ಬೆಳಕು ಹರಿದ ಮೇಲೆ ಆರೂವರೆಗೆ ಹೊರಟೆವು. ದಾರಿ ಸಮತಟ್ಟು. ಏರು ಇಳಿಜಾರು ಬಹಳವಿಲ್ಲ. ಕಾಡಿನೊಳಗೆ ಒಂದು ಸುತ್ತು ಹಾಕಿ, ಹೊರಟ ಜಾಗಕ್ಕೇ ತಂದು ಬಿಡುವ ದಾರಿ. ಚಿಕ್ಕ ಮಕ್ಕಳೂ ಅರವತ್ತು ದಾಟಿದವರೂ ನಡೆಯಬಹುದು. ಮಾರ್ಗದರ್ಶಿ ಮೂರೇ ಮಾತು ಹೇಳಿದರು. "ಗದ್ದಲ ಮಾಡಬ್ಯಾಡ್ರಿ. ನನ್ನ ಮುಂದ ಹೋಗಬ್ಯಾಡ್ರಿ. ಏನೂ ಕೀಳಬ್ಯಾಡ್ರಿ, ಏನೂ ಒಗೀಬ್ಯಾಡ್ರಿ."

ಅಕ್ಟೋಬರ್ ತಿಂಗಳು. ಮಳೆಗಾಲ ಆಗಷ್ಟೇ ಮುಗಿದಿತ್ತು. ನೆಲ ಇನ್ನೂ ಹಸಿ, ಎಲೆಗಳ ಮೇಲೆ ಇಬ್ಬನಿ. ಹತ್ತು ಹೆಜ್ಜೆ ಹೋಗುವುದರೊಳಗೆ ರಸ್ತೆಯ ಸದ್ದು ನಿಂತುಹೋಯಿತು. ಜಪಾನಿನಲ್ಲಿ ಇಂಥ ನಡಿಗೆಗೆ 1982ರಲ್ಲಿ ಅಲ್ಲಿಯ ಅರಣ್ಯ ಇಲಾಖೆಯವರೇ 'ಶಿನ್‌ರಿನ್ ಯೊಕು' ಎಂದು ಹೆಸರು ಕೊಟ್ಟರು. ಕಾಡಿನ ಸ್ನಾನ ಎಂದು ಅದರ ಅರ್ಥ. ನೀರಿಲ್ಲದ ಸ್ನಾನ. ಮರಗಳ ನಡುವೆ ಅವಸರವಿಲ್ಲದೆ ನಡೆಯುವುದು, ಉಸಿರಾಡುವುದು, ಕೇಳುವುದು, ಅಷ್ಟೇ.

ನಾವು ನೋಡಿದ ಮರಗಳನ್ನು ಮಗಳು ಒಂದು ನೋಟುಪುಸ್ತಕದಲ್ಲಿ ಬರೆದುಕೊಂಡಳು. ಸಾಗವಾನಿ ನಮಗೆ ಬಾಗಿಲು ಕಿಟಕಿಗಳಾಗಿ ಗೊತ್ತಿತ್ತು, ನಿಂತ ಮರವಾಗಿ ನೋಡಿದ್ದು ಆವತ್ತೇ. ಅದರ ಎಲೆ ನಮ್ಮ ಊಟದ ತಟ್ಟೆಗಿಂತ ದೊಡ್ಡದು. ಎಳೆ ಎಲೆಯನ್ನು ಅಂಗೈಯಲ್ಲಿ ಉಜ್ಜಿದರೆ ಕೆಂಪು ಬಣ್ಣ ಬರುತ್ತದೆ, ಮೆಹಂದಿ ಹಚ್ಚಿದ ಹಾಗೆ. ದಾರಿಗೆ ಬಿದ್ದಿದ್ದ ಒಂದು ಚಿಗುರೆಲೆಯನ್ನು ಮಾರ್ಗದರ್ಶಿ ಎತ್ತಿ ಉಜ್ಜಿ ತೋರಿಸಿದರು. ಮತ್ತಿ ಮರದ ತೊಗಟೆ ಮೊಸಳೆಯ ಬೆನ್ನಿನ ಹಾಗೆ ಚೌಕ ಚೌಕವಾಗಿ ಬಿರಿದಿರುತ್ತದೆ. ಕೆಲವು ಮತ್ತಿ ಮರಗಳು ಕಾಂಡದೊಳಗೆ ನೀರು ಕೂಡಿಟ್ಟುಕೊಳ್ಳುತ್ತವೆ. ನಂದಿ ಮರದ ಕಾಂಡ ನುಣುಪು, ಬಿಳಿ. ಇವಲ್ಲದೆ ತಾರೆ, ಅಳಲೆ, ಜಂಬೆ, ಬೀಟೆ, ನೇರಳೆ, ಬಿದಿರಿನ ಮೆಳೆಗಳು.

ಒಂದು ಮರದ ಹತ್ತಿರ ಮಾರ್ಗದರ್ಶಿ ನಿಂತರು. "ಇದು ಹೊನ್ನೆ. ಪೆಟ್ಟು ಬಿದ್ರ ರಕ್ತದಂಗ ಕೆಂಪು ಅಂಟು ಸುರಸ್ತೈತಿ. ಇದರ ಕಟಗೀಲೆ ಲೋಟ ಮಾಡ್ತಾರ. ರಾತ್ರಿ ನೀರು ಹಾಕಿಟ್ಟು ಮುಂಜಾನೆ ಕುಡಿದ್ರ ಸಕ್ಕರಿ ಬ್ಯಾನಿಗೆ ಛಲೋ ಅಂತಾರ" ಎಂದರು. ನನ್ನ ಮನೆಯವರು ಕಿವಿ ನಿಮಿರಿಸಿದರು. ಓದುಗರೇ, ಈ ಲೋಟಗಳನ್ನು ನೀವೂ ಅಂಗಡಿಗಳಲ್ಲಿ ನೋಡಿರಬಹುದು. ಹಳೆಯ ವೈದ್ಯಪದ್ಧತಿಯಲ್ಲಿ ಹೊನ್ನೆಗೆ ಸ್ಥಾನವಿದೆ, ನಿಜ. ಆದರೆ ಅದನ್ನು ನಂಬಿ ವೈದ್ಯರ ಮಾತ್ರೆ ಬಿಟ್ಟವರು ಕಣ್ಣು, ಮೂತ್ರಪಿಂಡ ಕಳೆದುಕೊಂಡದ್ದುಂಟು. ಲೋಟದ ನೀರು ಕುಡಿಯುವುದಿದ್ದರೂ ವೈದ್ಯರನ್ನು ಕೇಳಿಯೇ ಕುಡಿಯಿರಿ.

ಗೂಡಿನೊಳಗಿನ ತಾಯಿ

ಮುಂದೆ ತಲೆಯ ಮೇಲೆ ಉಗಿಬಂಡಿ ಹೋದಂತೆ ಸದ್ದಾಯಿತು. ಎಲ್ಲರೂ ಬೆಚ್ಚಿ ಮೇಲೆ ನೋಡಿದೆವು. ದೊಡ್ಡ ಮಂಗಟ್ಟೆ ಹಕ್ಕಿ. ಹಾರ್ನ್‌ಬಿಲ್ ಎಂದು ಇಂಗ್ಲಿಷಿನಲ್ಲಿ ಕರೆಯುವುದು ಇದನ್ನೇ. ಹಳದಿ ಕೊಕ್ಕು, ಕೊಕ್ಕಿನ ಮೇಲೆ ಟೋಪಿ ಇಟ್ಟ ಹಾಗೆ ಇನ್ನೊಂದು ಕೊಂಬು. ಅದರ ರೆಕ್ಕೆಯ ಸದ್ದೇ ಅಷ್ಟು ದೊಡ್ಡದು. ದಾಂಡೇಲಿ ಕಾಡಿನಲ್ಲಿ ನಾಲ್ಕು ಬಗೆಯ ಮಂಗಟ್ಟೆಗಳಿವೆ. ಅತ್ತಿ, ಆಲ, ಬಸರಿ ಹಣ್ಣುಗಳೇ ಇವುಗಳ ಮುಖ್ಯ ಆಹಾರ. ಹಣ್ಣು ತಿಂದು ಬೀಜವನ್ನು ದೂರ ದೂರ ಬೀಳಿಸುವುದರಿಂದ ಕಾಡಿಗೆ ಇವೇ ಬಿತ್ತನೆಗಾರರು.

ಮಾರ್ಗದರ್ಶಿ ಒಂದು ಎತ್ತರದ ಮರದ ಪೊಟರೆ ತೋರಿಸಿದರು. ಆಗ ಅದು ಖಾಲಿಯಿತ್ತು. ಬೇಸಿಗೆಯ ಮುಂಚೆ ಹೆಣ್ಣು ಮಂಗಟ್ಟೆ ಅಂಥ ಪೊಟರೆಯೊಳಗೆ ಹೋಗಿ ಕೂಡುತ್ತದೆ. ತನ್ನ ಹಿಕ್ಕೆ, ಮಣ್ಣು ಸೇರಿಸಿ ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಕೊಕ್ಕು ತೂರುವಷ್ಟು ಸಂದು ಮಾತ್ರ ಬಿಡುತ್ತದೆ. ಮೊಟ್ಟೆಯಿಟ್ಟು ಮರಿ ಬೆಳೆಯುವವರೆಗೆ ಮೂರು ನಾಲ್ಕು ತಿಂಗಳು ಒಳಗೇ ಸೆರೆ. ಗಂಡು ಹಕ್ಕಿ ದಿನಕ್ಕೆ ಎಷ್ಟೋ ಸಲ ಹಣ್ಣು ತಂದು ಆ ಸಂದಿನಿಂದ ಉಣಿಸುತ್ತದೆ. ಆ ಗಂಡು ಬೇಟೆಗಾರನ ಗುಂಡಿಗೆ ಬಿದ್ದರೆ ಒಳಗಿನ ತಾಯಿ ಮರಿಗಳಿಗೂ ಉಳಿವಿಲ್ಲ.

ನಾನು ಮೇಷ್ಟರಲ್ಲವೇ? ಸುಮ್ಮನಿರಲಾಗಲಿಲ್ಲ. "ನೋಡಿದಿರಾ ಮಕ್ಕಳೇ, ಗಂಡನ ಜವಾಬ್ದಾರಿ ಎಂದರೆ ಹೀಗಿರಬೇಕು" ಎಂದು ಪಾಠ ಶುರು ಮಾಡಿದೆ. ನನ್ನ ಮನೆಯವರು ಮೇಲೆ ನೋಡುತ್ತಲೇ ಹೇಳಿದರು:

"ಅದು ನಾಕು ತಿಂಗಳಾದ ಮ್ಯಾಲರ ಹೊರಗ ಬರ್ತೈತಲ್ರಿ."

ನನ್ನ ಪಾಠ ಅಲ್ಲಿಗೆ ನಿಂತಿತು. ಮಾರ್ಗದರ್ಶಿ ಬೇರೆ ಕಡೆ ಮುಖ ತಿರುಗಿಸಿ ಕೆಮ್ಮಿದರು. ಆ ಮಾತನ್ನು ಆಕೆ ಸಿಟ್ಟಿನಿಂದ ಹೇಳಿದ್ದಲ್ಲ. ಅದಕ್ಕೇ ಇನ್ನೂ ಮರೆತಿಲ್ಲ.

ಅರ್ಧ ದಾರಿಯಲ್ಲಿ

ಅಲ್ಲಿಂದ ಸ್ವಲ್ಪ ಮುಂದೆ ಹೋದಾಗ ಆಕೆಯ ಹೆಜ್ಜೆ ತಪ್ಪಿತು. ಮುಖ ಬೆವರಿತ್ತು, ತಂಪು ಹೊತ್ತಿನಲ್ಲೂ. ಕೈ ನಡುಗುತ್ತಿತ್ತು. "ಕಣ್ಣಿಗೆ ಕತ್ತಲಿ ಬಂದಂಗ ಆಗತೈತಿ" ಎಂದು ಬಿದ್ದ ಒಂದು ದಿಮ್ಮಿಯ ಮೇಲೆ ಕುಳಿತಳು. ನನ್ನ ಎದೆ ಒಡೆದುಹೋಯಿತು. ಎಲ್ಲಿಯ ದವಾಖಾನೆ, ಎಲ್ಲಿಯ ಡಾಕ್ಟರು!

ತಪ್ಪು ಏನಾಗಿತ್ತೆಂದರೆ, ಬೆಳಿಗ್ಗೆ ಮಾತ್ರೆ ನುಂಗಿದ್ದಳು, ಹೊಟ್ಟೆಗೆ ಏನೂ ತಿಂದಿರಲಿಲ್ಲ. "ಬಂದು ನಾಷ್ಟಾ ಮಾಡೋಣ" ಎಂದು ಅವಸರ ಮಾಡಿದವನು ನಾನೇ. ಕೆಲವು ಮಾತ್ರೆಗಳು ಊಟವಿಲ್ಲದೆ ನಡೆದರೆ ರಕ್ತದ ಸಕ್ಕರೆಯನ್ನು ಪೂರಾ ಕೆಳಗಿಳಿಸುತ್ತವೆ. ಸಕ್ಕರೆ ಹೆಚ್ಚಾದರೆ ಅಪಾಯ ನಿಧಾನವಾಗಿ ಬರುತ್ತದೆ, ಕಡಿಮೆಯಾದರೆ ನಿಮಿಷಗಳಲ್ಲಿ ಬರುತ್ತದೆ. ನಡುಕ, ಬೆವರು, ಎದೆಬಡಿತ, ಕಣ್ಣು ಮಂಜಾಗುವುದು, ಮಾತು ತೊದಲುವುದು ಇದರ ಲಕ್ಷಣ. ಎಚ್ಚರವಿದ್ದವರಿಗೆ ತಕ್ಷಣ ಮೂರು ಚಮಚ ಸಕ್ಕರೆ ಅಥವಾ ಗ್ಲೂಕೋಸ್ ಕೊಡಬೇಕು. ಹದಿನೈದು ನಿಮಿಷ ಕಾದು, ಸುಧಾರಿಸದಿದ್ದರೆ ಮತ್ತೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ನಮ್ಮಲ್ಲಿ ಗ್ಲೂಕೋಸ್ ಇರಲಿಲ್ಲ. ಮಗಳ ಚೀಲದಲ್ಲಿ ಖಜೂರದ ಡಬ್ಬಿ ಇತ್ತು. ಮಾರ್ಗದರ್ಶಿಯ ಹತ್ತಿರ ಚಹಾಕ್ಕೆಂದು ತಂದ ಬೆಲ್ಲದ ತುಂಡಿತ್ತು. ಬೆಲ್ಲವನ್ನು ನೀರಿನ ಬಾಟಲಿಯಲ್ಲಿ ಕದಡಿ ಕುಡಿಸಿದೆವು. ಆಮೇಲೆ ಖಜೂರ ತಿನ್ನಿಸಿದೆವು. ಮಗ ತಾಯಿಯ ಕೈ ಹಿಡಿದು ಕುಳಿತಿದ್ದ. ನಾನು ಮನಸ್ಸಿನಲ್ಲೇ ದುವಾ ಮಾಡುತ್ತಿದ್ದೆ. ಹತ್ತು ಹದಿನೈದು ನಿಮಿಷದಲ್ಲಿ ನಡುಕ ನಿಂತಿತು, ಮುಖಕ್ಕೆ ಕಳೆ ಬಂತು. ಇನ್ನೂ ಅಷ್ಟು ಹೊತ್ತು ಕುಳಿತೆವು.

ಮರದ ಮೇಲೆ ಒಂದು ಕೆಂದಳಿಲು ಒಂದು ಕೊಂಬೆಯಿಂದ ಇನ್ನೊಂದಕ್ಕೆ ಹಾರಿತು. ನಮ್ಮ ಮನೆಯಂಗಳದ ಅಳಿಲಿನ ಹಾಗಲ್ಲ, ಬೆಕ್ಕಿಗಿಂತ ಉದ್ದ. ಕಂದು ಕೆಂಪು ಮೈ, ಜೊಂಪೆಯ ಬಾಲ. ಮೊದಲು ಅದನ್ನು ಕಂಡು "ಅಯ್ಯ, ನೋಡ್ರಿ ಅಲ್ಲಿ!" ಎಂದದ್ದು ಆಕೆಯೇ. ಆಗ ನನ್ನ ಜೀವ ಬಂದಂತಾಯಿತು.

"ಹಿಂದಕ್ಕೆ ಹೋಗೋಣ" ಎಂದೆ. ಮಾರ್ಗದರ್ಶಿ ಹೇಳಿದರು, "ನಾವು ಈಗ ಬರೋಬ್ಬರಿ ನಡುವ ಇದ್ದೀವ್ರಿ ಮಾಸ್ತರ್. ಇದು ಸುತ್ತು ದಾರಿ. ಹಿಂದ ಹೋದ್ರೂ ಅಷ್ಟ, ಮುಂದ ಹೋದ್ರೂ ಅಷ್ಟ. ಭಾಬಿ ಹೆಂಗ ಅಂತಾರ ಹಂಗ." ಎಲ್ಲರೂ ಆಕೆಯ ಕಡೆ ನೋಡಿದೆವು. ನಮ್ಮ ಮನೆಯಲ್ಲಿ ದಾರಿಯ ತೀರ್ಮಾನವನ್ನು ಆಕೆಗೆ ಬಿಟ್ಟದ್ದು ಅದೇ ಮೊದಲಿರಬೇಕು. ಆಕೆ ಎದ್ದು ಬೂಟಿನ ದಾರ ಬಿಗಿ ಮಾಡಿಕೊಂಡಳು.

"ಹಿಂದ ಹೋದ್ರ ನೋಡಿದ್ದ ನೋಡೂದಾಗತೈತಿ. ಮುಂದ ಹೋಗೋಣ್ರಿ."

ಉಳಿದ ದಾರಿಯನ್ನು ನಿಧಾನವಾಗಿ ನಡೆದೆವು. ಈ ಸಲ ನಾನು ಆಕೆಯ ಪಕ್ಕದಲ್ಲೇ ನಡೆದೆ. ಚಿಗಳಿ ಇರುವೆಗಳು ಎಲೆಗಳನ್ನು ಹೊಲಿದು ಕಟ್ಟಿದ ಗೂಡು, ಆಳೆತ್ತರದ ಹುತ್ತ, ಕೆಸರಿನಲ್ಲಿ ಕಾಡುಕೋಣದ ಹೆಜ್ಜೆ, ಇವನ್ನೆಲ್ಲ ಆಕೆಯೇ ಮಕ್ಕಳಿಗೆ ತೋರಿಸುತ್ತ ಹೋದಳು. ಹುಲಿ ಕಾಣಲಿಲ್ಲ, ಚಿರತೆ ಕಾಣಲಿಲ್ಲ. ಒಂಬತ್ತು ಗಂಟೆಗೆ ಹೊರಟ ಜಾಗಕ್ಕೇ ಬಂದು ಮುಟ್ಟಿದೆವು. ಆಕೆ ಹಿಂದೆ ತಿರುಗಿ ಕಾಡನ್ನು ನೋಡಿ, "ಇಷ್ಟು ನಡದ್ನೇನ್ರಿ ನಾ?" ಎಂದು ಕೇಳಿದಳು.

ನೀವೂ ಹೋಗುವುದಾದರೆ

ಅಕ್ಟೋಬರದಿಂದ ಮೇ ತಿಂಗಳವರೆಗೆ ಈ ಕಡೆ ಹೋಗಲು ಒಳ್ಳೆಯ ಕಾಲ. ಮಳೆಗಾಲದಲ್ಲಿ ಜೋರು ಮಳೆ, ಉಂಬಳದ ಕಾಟ. ತಂಗುವುದಕ್ಕೂ ನಡೆಯುವುದಕ್ಕೂ ಅರಣ್ಯ ಇಲಾಖೆಯಲ್ಲಿ ಮೊದಲೇ ವಿಚಾರಿಸಿ ಅನುಮತಿ ಪಡೆದು ಹೋಗಿ. ಮಣ್ಣಿನ ಬಣ್ಣದ, ಹಸಿರು, ಕಂದು ಬಟ್ಟೆ ಉಡಿ. ಅತ್ತರು ಹಚ್ಚಿಕೊಂಡು ಹೋಗಬೇಡಿ. ಮುಚ್ಚಿದ ಬೂಟು, ಕಾಲುಚೀಲ ಇರಲಿ. ನೀರಿನ ಬಾಟಲಿ ನಿಮ್ಮದೇ ಒಯ್ದು ವಾಪಸ್ ತನ್ನಿ. ಸಕ್ಕರೆ ಕಾಯಿಲೆಯವರಿದ್ದರೆ ಹೊಟ್ಟೆಗೆ ಏನಾದರೂ ತಿಂದೇ ಹೊರಡಿ, ಜೇಬಿನಲ್ಲಿ ಗ್ಲೂಕೋಸ್ ಇರಲಿ, ಜೊತೆಯವರಿಗೆ ಕಾಯಿಲೆಯ ವಿಷಯ ತಿಳಿದಿರಲಿ. ಎದೆನೋವು, ಕಾಲಿನ ಗಾಯ ಇದ್ದವರು ವೈದ್ಯರನ್ನು ಕೇಳಿ ಹೋಗಬೇಕು.

ಊರಲ್ಲೇ ಒಂದು ಸುತ್ತು

ಊರಿಗೆ ಬಂದ ಮರುದಿನ ಬೆಳಿಗ್ಗೆ ಆಕೆ ಕೇಳಿದಳು: "ಇಲ್ಲೂ ಅಂಥಾ ಒಂದು ಸುತ್ತು ದಾರಿ ಇರಬೇಕಲ್ರಿ?" ಹುಡುಕಿದೆವು. ಇತ್ತು! ನಮ್ಮ ಓಣಿಯ ಹಿಂದಿನಿಂದ ಹೊರಟು, ಶಾಲೆಯ ಮೈದಾನದ ಗೋಡೆ ಬಳಸಿ, ಪರಿಚಯದವರ ನಿಂಬೆ ತೋಟದ ಬದುವಿನ ಮೇಲೆ ಹಾದು, ಮತ್ತೆ ಓಣಿಗೇ ಬರುವ ದಾರಿ. ಒಂದು ಸುತ್ತಿಗೆ ಹನ್ನೆರಡು ನಿಮಿಷ. ಮೂರು ಸುತ್ತು ಹಾಕಿದರೆ ವೈದ್ಯರು ಹೇಳಿದ ಅರ್ಧ ತಾಸು ದಾಟುತ್ತದೆ. ತೋಟದವರನ್ನು ಕೇಳಿದರೆ, "ನಡೀಲಿ ಬಿಡ್ರಿ, ಬದು ಗಟ್ಟಿಯಾಗತೈತಿ" ಎಂದರು.

ಮೊದಲ ಹದಿನೈದು ದಿನ ನಾನೂ ಜೊತೆಗೆ ಹೋದೆ. ಒಬ್ಬಿಬ್ಬರು ಮೂಗು ಮುರಿದರು. ಒಬ್ಬ ಹಿರಿಯರು ಮಸೀದಿಯ ಬಾಗಿಲಲ್ಲಿ ನಿಲ್ಲಿಸಿ, "ಏನು ಮಾಸ್ತರ್, ಹೆಂಗಸರನ್ನ ಹೊಲದಾಗ ತಿರುಗಿಸ್ತೀರಿ?" ಎಂದರು. ನಾನು ವಾದ ಮಾಡಲಿಲ್ಲ. "ಕಾಕಾ, ನಿಮ್ಮ ಮನೆಯವರ ಮೊಣಕಾಲು ನೋವು ಹೆಂಗೈತಿ?" ಎಂದು ಕೇಳಿದೆ. ತಿಂಗಳು ಕಳೆಯುವುದರೊಳಗೆ ಕಾಕಿಯೂ ನಡೆಯಲು ಬಂದರು. ಈಗ ನಸುಕಿನಲ್ಲಿ ಐದಾರು ಹೆಂಗಸರು ಕೂಡಿ ನಡೆಯುತ್ತಾರೆ. ಒಬ್ಬರು ಅರ್ಧಕ್ಕೆ ಬಿಟ್ಟರು, ಇಬ್ಬರು ಹೊಸದಾಗಿ ಸೇರಿದರು. ನನ್ನ ಮನೆಯವರ ಮೂರು ತಿಂಗಳ ಸರಾಸರಿ 8.9ರಿಂದ 7.4ಕ್ಕೆ ಇಳಿಯಿತು. ಇದು ನಡಿಗೆಯೊಂದರಿಂದಲೇ ಆದದ್ದಲ್ಲ, ಮಾತ್ರೆಯೂ ಇದೆ, ಊಟದ ಪಥ್ಯವೂ ಇದೆ. ಆದರೆ ನಡಿಗೆ ಇಲ್ಲದೆ ಆಗುತ್ತಿರಲಿಲ್ಲ ಎಂದು ವೈದ್ಯರೇ ಹೇಳಿದರು.

ಆ ದಾರಿಯ ಬದಿಗೆ ಮಗ ಮತ್ತು ಅವನ ಗೆಳೆಯರು ಮಳೆ ಬಿದ್ದಾಗ ಹೊಂಗೆ, ಬೇವು, ನೇರಳೆಯ ಸಸಿಗಳನ್ನು ನೆಟ್ಟಿದ್ದಾರೆ. ಒಂದಷ್ಟನ್ನು ಆಡು ತಿಂದವು. ಉಳಿದವಕ್ಕೆ ಮುಳ್ಳಿನ ಬೇಲಿ ಕಟ್ಟಿದ್ದಾರೆ. ನಡೆಯಲು ಬರುವ ಹೆಂಗಸರು ಒಬ್ಬೊಬ್ಬರು ಒಂದೊಂದು ತಂಬಿಗೆ ನೀರು ತಂದು ಹಾಕುತ್ತಾರೆ. ಕಾಡಾಗುವುದಿಲ್ಲ, ಗೊತ್ತು. ನೆರಳಾದರೆ ಸಾಕು.

ಮದ್ರಸದಲ್ಲಿ ಓದುವಾಗ, ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯನ್ನು ನೋಡಿ ಪಾಠ ಕಲಿಯಬೇಕೆಂದು ಉಸ್ತಾದರು ಹೇಳುತ್ತಿದ್ದರು. ನಾವು ಗಂಡಸರು ಅದನ್ನು ನಮಗೆ ಮಾತ್ರ ಹೇಳಿದ್ದೆಂದು ತಿಳಿದುಕೊಂಡೆವೇನೋ. ಓದುಗರೇ, ದಾಂಡೇಲಿಗೆ ಹೋಗಲು ನಿಮಗೆ ಆಗದಿರಬಹುದು. ಆದರೆ ನಿಮ್ಮ ಮನೆಯ ಹಿಂದೆಯೂ ಒಂದು ಸುತ್ತು ದಾರಿ ಇದ್ದೇ ಇರುತ್ತದೆ. ನಾಳೆ ಬೆಳಿಗ್ಗೆ ನಿಮ್ಮ ಮನೆಯವರನ್ನೂ ನಿಮ್ಮ ತಾಯಿಯನ್ನೂ ಕರೆದುಕೊಂಡು ಒಮ್ಮೆ ಅದನ್ನು ಹುಡುಕಿ ನೋಡಿ. ಬೂಟಿನ ದಾರ ಬಿಗಿಯಾಗಿರಲಿ.